ಸತ್ಯಕ್ಕೆ ಸುಳ್ಳಿನ ಊರುಗೋಲು ಬೇಕೇ?

ಕೆಲವು ವರ್ಷಗಳ ಹಿಂದಿನ ಮಾತು. ಮದ್ರಸದಲ್ಲಿ ಅದಾನಿನ ಮಹತ್ವವನ್ನು ವಿವರಿಸುತ್ತಾ ನಾನೊಂದು ಕಥೆ ಹೇಳಿದೆ. ಚಂದ್ರನ ಮೇಲೆ ಮೊದಲು ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಅಲ್ಲಿ ಅಪರಿಚಿತವಾದ ಧ್ವನಿಯೊಂದನ್ನು ಕೇಳಿದರಂತೆ. ಬಹುಕಾಲದ ನಂತರ ಈಜಿಪ್ಟಿನಲ್ಲಿ ಮಸೀದಿಯ ಅದಾನ್ ಕಿವಿಗೆ ಬಿದ್ದಾಗ, ತಾನು ಚಂದ್ರನಲ್ಲಿ ಕೇಳಿದ್ದು ಇದನ್ನೇ ಎಂದು ಇಸ್ಲಾಮ್ ಸ್ವೀಕರಿಸಿದರಂತೆ. ಮಕ್ಕಳ ಕಣ್ಣುಗಳು ಅರಳಿದವು. ನಾನೂ ಬಾಲ್ಯದಲ್ಲಿ ಈ ಕಥೆಯನ್ನು ಹೀಗೆಯೇ ಕಣ್ಣರಳಿಸಿ ಕೇಳಿದ್ದೆ.

ಮರುವಾರ ಒಬ್ಬ ಹುಡುಗ ಎದ್ದು ನಿಂತ. "ಉಸ್ತಾದ್, ಚಂದ್ರನಲ್ಲಿ ಗಾಳಿ ಇಲ್ಲ, ಗಾಳಿ ಇಲ್ಲದಲ್ಲಿ ಶಬ್ದ ಹರಡುವುದಿಲ್ಲ ಎಂದು ನಮ್ಮ ಶಾಲೆಯ ಪಾಠದಲ್ಲಿದೆ" ಎಂದ. ಆಮೇಲೆ ಮೆಲ್ಲಗೆ ಕೇಳಿದ: "ಹಾಗಾದರೆ ನೀವು ಕಲಿಸಿದ ಬೇರೆ ವಿಷಯಗಳೂ ಹೀಗೆಯೇ?"

ಪ್ರಿಯ ಓದುಗರೇ, ಆ ದಿನ ನನ್ನ ಬಳಿ ಉತ್ತರವಿರಲಿಲ್ಲ. ಹುಡುಕಿ ನೋಡಿದಾಗ ವಿಷಯ ಸ್ಪಷ್ಟವಾಯಿತು. ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲಿಳಿದದ್ದು 1969ರ ಜುಲೈಯಲ್ಲಿ. ಅವರು ಮುಸ್ಲಿಮರಾದರೆಂಬ ವದಂತಿ ಎಷ್ಟು ಹಬ್ಬಿತೆಂದರೆ, 1983ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಯು ಮುಸ್ಲಿಮ್ ರಾಷ್ಟ್ರಗಳಲ್ಲಿದ್ದ ತನ್ನ ರಾಯಭಾರ ಕಚೇರಿಗಳಿಗೆ ಅದು ನಿಜವಲ್ಲವೆಂಬ ಅವರ ಹೇಳಿಕೆಯನ್ನು ಕಳುಹಿಸಬೇಕಾಯಿತು. ಅವರು 2012ರಲ್ಲಿ ತೀರಿಕೊಂಡರು. ಕಥೆ ಮಾತ್ರ ಇಂದಿಗೂ ಬದುಕಿದೆ. ಈಗ ಮೊಬೈಲಿನಿಂದ ಮೊಬೈಲಿಗೆ ಓಡುತ್ತಿದೆ.

ಒಂದು ತಕ್ಕಡಿ, ಎರಡು ತೂಕ

ಈಗ ಇನ್ನೊಂದು ಕಥೆಯನ್ನು ನೋಡಿ. ಹಝ್ರತ್ ಉಮರ್(ರ)ರವರ ಆಜ್ಞೆಯಂತೆ ಅಲೆಕ್ಸಾಂಡ್ರಿಯಾದ ಮಹಾ ಗ್ರಂಥಾಲಯವನ್ನು ಸುಡಲಾಯಿತು, ಅಲ್ಲಿನ ಗ್ರಂಥಗಳು ಆರು ತಿಂಗಳ ಕಾಲ ಸ್ನಾನಗೃಹಗಳ ಒಲೆಗೆ ಸೌದೆಯಾದವು ಎಂದು ಆಪಾದಿಸಲಾಗುತ್ತದೆ. ಇದನ್ನು ಕೇಳಿದೊಡನೆ ನಾವು ಪುರಾವೆ ಕೇಳುತ್ತೇವೆ. ಕೇಳಲೇಬೇಕು. ಆ ನಗರವು ಮುಸ್ಲಿಮರ ವಶವಾದದ್ದು ಕ್ರಿ.ಶ. 642ರ ಸುಮಾರಿಗೆ. ಈ ಕಥೆ ಗ್ರಂಥಗಳಲ್ಲಿ ಕಾಣಿಸಿಕೊಳ್ಳುವುದು 13ನೇ ಶತಮಾನದಲ್ಲಿ. ಆ ವಿಜಯದ ಕುರಿತು ಅದೇ 7ನೇ ಶತಮಾನದಲ್ಲಿ ಬರೆದ ಈಜಿಪ್ಟಿನ ಕ್ರೈಸ್ತ ಬಿಷಪ್ ಜಾನ್ ಸಹ ಇಂಥದ್ದೊಂದನ್ನು ಹೇಳಿಲ್ಲ. ಆದ್ದರಿಂದ ಇತಿಹಾಸಕಾರರು ಸಾಮಾನ್ಯವಾಗಿ ಇದನ್ನು ನಂಬುವುದಿಲ್ಲ.

ನಮ್ಮನ್ನು ನೋಯಿಸುವ ಕಥೆಗೆ ಇಷ್ಟೊಂದು ಪ್ರಶ್ನೆ ಕೇಳುವ ನಾವು, ನಮ್ಮನ್ನು ಉಬ್ಬಿಸುವ ಕಥೆಗೆ ಒಂದನ್ನಾದರೂ ಕೇಳಿದೆವೇ? ತೂಕದ ಕಲ್ಲು ಬದಲಾಯಿಸುವ ವ್ಯಾಪಾರಿಯನ್ನು ನಾವು ಮೋಸಗಾರನೆನ್ನುತ್ತೇವೆ. ಸುದ್ದಿಯ ತಕ್ಕಡಿಗೆ ಬೇರೆ ನಿಯಮವಿದೆಯೇ? ಸುದ್ದಿ ಬಂದಾಗ ಪರಿಶೀಲಿಸಿರೆಂದು ಸೂರಃ ಅಲ್‌ಹುಜುರಾತ್‌ನ 6ನೇ ಸೂಕ್ತವು ಆಜ್ಞಾಪಿಸುತ್ತದೆ. ಸ್ವತಃ ನಿಮಗೇ ವಿರುದ್ಧವಾದರೂ ನ್ಯಾಯದ ಸಾಕ್ಷಿ ನುಡಿಯಿರೆಂದು ಸೂರಃ ಅನ್ನಿಸಾದ 135ನೇ ಸೂಕ್ತವು ಕಲಿಸುತ್ತದೆ.

ಮನಸ್ಸು ಏಕೆ ಮರುಳಾಗುತ್ತದೆ?

ಇತಿಹಾಸದಲ್ಲಿ ಸುಳ್ಳು ಸೇರಲು ಕಾರಣಗಳೇನೆಂದು ಇಬ್ನು ಖಲ್ದೂನ್ ಕ್ರಿ.ಶ. 1377ರಲ್ಲಿ ತಮ್ಮ 'ಮುಕದ್ದಿಮಃ'ದಲ್ಲಿ ವಿವರಿಸಿದ್ದಾರೆ. ಅವರು ಮೊದಲಿಗೆ ಹೆಸರಿಸಿದ ಕಾರಣ ಪಕ್ಷಪಾತ. ಒಂದು ಪಕ್ಷಕ್ಕೆ ವಾಲಿದ ಮನಸ್ಸು ತನಗೊಪ್ಪುವ ಸುದ್ದಿಯನ್ನು ಕೇಳಿದ ಕ್ಷಣವೇ ನುಂಗಿಬಿಡುತ್ತದೆ.

ಎರಡನೆಯದು ಕೀಳರಿಮೆ. ಖ್ಯಾತ ವ್ಯಕ್ತಿಯೊಬ್ಬರು ಒಪ್ಪಿದರೆ ಮಾತ್ರ ನಮ್ಮ ಧರ್ಮಕ್ಕೆ ಬೆಲೆ ಎಂಬ ಭಾವನೆ ನಮ್ಮೊಳಗೆ ಅಡಗಿದೆ. ಅಲ್ಲಾಹನ ವಚನಕ್ಕೆ ಗಗನಯಾತ್ರಿಯ ಪ್ರಮಾಣಪತ್ರ ಬೇಕೇ?

ಮೂರನೆಯದು ಒಳ್ಳೆಯ ಉದ್ದೇಶ. ಇದು ಹೆಚ್ಚು ಅಪಾಯಕಾರಿ. ನೂಹ್ ಬಿನ್ ಅಬೀ ಮರ್ಯಮ್ ಎಂಬವನು ಕುರ್‌ಆನಿನ ಒಂದೊಂದು ಅಧ್ಯಾಯದ ಶ್ರೇಷ್ಠತೆಯ ಬಗ್ಗೆ ಹದೀಸ್‌ಗಳನ್ನು ಸೃಷ್ಟಿಸಿದ್ದ. ಕೇಳಿದಾಗ, ಜನರು ಕುರ್‌ಆನನ್ನು ಕಡೆಗಣಿಸುತ್ತಿದ್ದುದರಿಂದ ಹೀಗೆ ಮಾಡಿದೆನೆಂದನಂತೆ. ಹದೀಸ್ ವಿದ್ವಾಂಸರು ಅವನ ಉದ್ದೇಶವನ್ನು ನೋಡಿ ಬಿಟ್ಟುಬಿಡಲಿಲ್ಲ. ಸುಳ್ಳು ಹದೀಸ್ ಕಟ್ಟಿದವರ ಸಾಲಿಗೆ ಸೇರಿಸಿದರು.

ಪ್ರವಾದಿವರ್ಯರ(ಸ) ಮಾದರಿ

ಹಿಜರಿ 10ರಲ್ಲಿ ಪ್ರವಾದಿವರ್ಯರ(ಸ) ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡರು. ಅದೇ ದಿನ ಸೂರ್ಯಗ್ರಹಣವಾಯಿತು. ಅದು ಕ್ರಿ.ಶ. 632ರ ಜನವರಿ 27ರ ಗ್ರಹಣವೆಂದು ಖಗೋಳ ಗಣನೆಯಿಂದ ಗುರುತಿಸಲಾಗಿದೆ. ಇಬ್ರಾಹೀಮರ ಮರಣಕ್ಕಾಗಿ ಸೂರ್ಯನೇ ಮಂಕಾದನೆಂದು ಜನ ಮಾತಾಡಿಕೊಂಡರು. ಅದನ್ನು ಯಾರೂ ಕೇಡಿಗಾಗಿ ಹೇಳಿರಲಿಲ್ಲ, ಪ್ರೀತಿಯಿಂದಲೇ ಹೇಳಿದ್ದರು. ಪ್ರವಾದಿವರ್ಯರು(ಸ) ಸುಮ್ಮನಿದ್ದಿದ್ದರೆ ಸಾಕಿತ್ತು, ಅದೊಂದು ಪವಾಡದ ಕಥೆಯಾಗಿ ಉಳಿಯುತ್ತಿತ್ತು. ಆದರೆ ಅವರು ದೀರ್ಘವಾದ ನಮಾಝ್ ನಿರ್ವಹಿಸಿ, ಸೂರ್ಯ ಚಂದ್ರರು ಅಲ್ಲಾಹನ ದೃಷ್ಟಾಂತಗಳು, ಯಾರ ಸಾವಿಗಾಗಿಯೂ ಹುಟ್ಟಿಗಾಗಿಯೂ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲವೆಂದು ತಿಳಿಸಿದರು. ಎದೆಯಲ್ಲಿ ಪುತ್ರಶೋಕವಿದ್ದ ದಿನವೂ ತಮ್ಮ ಗೌರವವನ್ನು ಹೆಚ್ಚಿಸುವ ಒಂದು ಸುಳ್ಳನ್ನು ಅವರು ಉಳಿಯಗೊಡಲಿಲ್ಲ.

ಹೆತ್ತವರೇ, ನಾವು ಮಾಡಬೇಕಾದದ್ದು ಇಷ್ಟೇ. ಇಷ್ಟವಾದ ಸುದ್ದಿ ಬಂದಾಗಲೇ ಹೆಚ್ಚು ಎಚ್ಚರ ವಹಿಸಿ. ಹೇಳಿದವರಾರು, ಅವರಿಗೆ ಹೇಗೆ ತಿಳಿಯಿತು, ಯಾವಾಗ ಬರೆದಿಟ್ಟರು ಎಂದು ವಿಚಾರಿಸಿ. ನಮ್ಮ ಹಿರಿಯರು ಇದಕ್ಕಾಗಿಯೇ ಸನದಿನ ಶಾಸ್ತ್ರವನ್ನು ಕಟ್ಟಿದರು. ಉತ್ತರ ಸಿಗದಿದ್ದರೆ ಇತರರಿಗೆ ಹೇಳಬೇಡಿ. ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಒಬ್ಬನನ್ನು ಸುಳ್ಳುಗಾರನಾಗಿಸಲು ಸಾಕೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಈಗಾಗಲೇ ಹೇಳಿದ್ದರೆ, ಹೇಳಿದವರ ಮುಂದೆಯೇ ತಿದ್ದಿಕೊಳ್ಳಿ. ಮಕ್ಕಳ ಮನಸ್ಸಿನಲ್ಲಿ ಅದಾನಿನ ಗೌರವವನ್ನು ಒಂದು ಸುಳ್ಳಿನ ಮೇಲೆ ನಿಲ್ಲಿಸಿದರೆ, ಆ ಸುಳ್ಳು ಬಿದ್ದ ದಿನ ಅದೂ ಬೀಳುತ್ತದೆ.

ನಾನೂ ಆ ತರಗತಿಗೆ ಮರಳಿ, "ನಾನು ವಿಚಾರಿಸದೆ ಹೇಳಿದೆ, ಅದು ಸುಳ್ಳು" ಎಂದೆ. ಅವಮಾನವಾದೀತೆಂದು ಅಂಜಿದ್ದೆ. ಆ ಹುಡುಗ ತಲೆಯಾಡಿಸಿ, "ಸರಿ ಉಸ್ತಾದ್, ಪಾಠ ಮುಂದುವರಿಸಿ" ಎಂದ. ಸುಳ್ಳು ಹೇಳಿ ಕಳೆದುಕೊಂಡ ನಂಬಿಕೆಯನ್ನು ಸತ್ಯ ಹೇಳಿ ಮರಳಿ ಪಡೆಯಬಹುದೆಂದು ಆ ಮಗು ನನಗೆ ಕಲಿಸಿತು.

ಸತ್ಯವನ್ನು ಸತ್ಯವೆಂದು ಗುರುತಿಸುವ, ನಮಗೆ ಪ್ರಿಯವಾದ ಸುಳ್ಳನ್ನೂ ಕೈಬಿಡುವ ಶಕ್ತಿಯನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.