ಏಳನೇ ದಿನವೂ ನೋಡು

ಸಿಂಥೆಟಿಕ್ ಬಯಾಲಜಿ ಲ್ಯಾಬ್ ಸೇರುತ್ತಿದ್ದೀಯ ಎಂದು ನಿನ್ನಮ್ಮ ಹೇಳಿದಳು. ಬಹಳ ಸಂತೋಷ, ಮಗಳೇ. ಹೊರಡುವ ಮುಂಚೆ ಒಂದು ಮಾತು: ಜೀನ್ ಸರ್ಕ್ಯೂಟ್ ಕೆಲಸ ಮಾಡಿತೆಂದು ಮೊದಲ ಸಂಜೆಯೇ ಸಿಹಿ ಹಂಚಬೇಡ. ಏಳನೇ ದಿನ ಅದೇ ಕೋಶಗಳನ್ನು ಮತ್ತೊಮ್ಮೆ ನೋಡು.

2000ದಲ್ಲಿ ನೇಚರ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಇಂಥ ಸರ್ಕ್ಯೂಟ್‌ಗಳ ಬಗ್ಗೆ ಎರಡು ಲೇಖನ ಬಂದವು. ಬಾಸ್ಟನ್‌ನ ಗಾರ್ಡ್ನರ್, ಕ್ಯಾಂಟರ್, ಕಾಲಿನ್ಸ್ ಒಂದನ್ನೊಂದು ಅದುಮುವ ಎರಡು ಜೀನುಗಳನ್ನು ಇ. ಕೊಲೈ ಬ್ಯಾಕ್ಟೀರಿಯಾದ ಒಳಗಿಟ್ಟು ಸ್ವಿಚ್ ಮಾಡಿದರು. ಪ್ರಿನ್ಸ್‌ಟನ್‌ನ ಎಲೊವಿಟ್ಜ್, ಲೈಬ್ಲರ್ ಮೂರು ಜೀನುಗಳನ್ನು ಸುತ್ತಾಗಿ ಕಟ್ಟಿ, ಮಿನುಗಿ ಆರುವ ಕೋಶ ಮಾಡಿದರು. ಎರಡನ್ನೂ ಇಡಿಯಾಗಿ ಓದು, ಸಾರಾಂಶ ಸಾಲದು. ಅಕ್ಕಪಕ್ಕದ ಕೋಶಗಳೇ ಲಯ ತಪ್ಪುವುದನ್ನು ಎಲೊವಿಟ್ಜ್ ಮುಚ್ಚಿಟ್ಟಿಲ್ಲ. ಈಗಿನ ಪೋಸ್ಟರ್‌ಗಳಲ್ಲಿ ಅಂಥದ್ದು ಕಾಣಸಿಗುವುದೇ ಅಪರೂಪ.

ಪ್ಲೇಟಿನ ಮೇಲೆ ನೀಲಿ ಬೆಳಕು ಹಿಡಿದಾಗ ಹಸಿರಾಗಿ ಹೊಳೆಯುವ ಕಾಲನಿಗಳನ್ನೇ ನೋಡುತ್ತ ಕೂರಬೇಡ. ಹೊಳೆಯದ ಒಂದೆರಡನ್ನು ಹುಡುಕು. ಎಷ್ಟೋ ಸಲ ಅವೇ ತುಸು ದಪ್ಪಗಿರುತ್ತವೆ. ನಾವು ಹೊರಿಸಿದ ಕೆಲಸಕ್ಕೆ ಕೋಶ ತನ್ನ ರೈಬೋಸೋಮ್‌ಗಳನ್ನೂ ಶಕ್ತಿಯನ್ನೂ ಕೊಡಬೇಕು. ಮ್ಯುಟೇಶನ್ ಆಗಿ ಸರ್ಕ್ಯೂಟ್ ಕೆಟ್ಟ ಕೋಶಕ್ಕೆ ಆ ಹೊರೆ ಇಳಿಯಿತು, ಅದು ಬೇಗ ಬೆಳೆಯುತ್ತದೆ. ಒಳ್ಳೆಯ ಆಹಾರ ಸಿಕ್ಕರೆ 20 ನಿಮಿಷಕ್ಕೊಮ್ಮೆ ಎರಡಾಗುವ ಜೀವಿ ಇದು. ಕೀಳದೆ ಬಿಟ್ಟ ಕಳೆ ಪೈರನ್ನು ನುಂಗುವ ಹಾಗೆ, ದಿನ ಕಳೆದಂತೆ ಫ್ಲಾಸ್ಕಿನ ತುಂಬ ಅವೇ ಆಗಬಹುದು. ಹಾಗಾಗಿ ಮೊದಲ ದಿನದ ಗ್ಲಿಸರಾಲ್ ಸ್ಟಾಕ್ ಅನ್ನು ಮೈನಸ್ 80 ಡಿಗ್ರಿಯಲ್ಲಿ ತಪ್ಪದೆ ಇಡು. ಆಮೇಲೆ ಅನುಮಾನ ಬಂದರೆ ಅದನ್ನೂ ಏಳನೇ ದಿನದ ಕೋಶಗಳನ್ನೂ ಸೀಕ್ವೆನ್ಸ್ ಮಾಡಿ ಹೋಲಿಸಬಹುದು.

ಹೊರೆ ಕಡಿಮೆ ಮಾಡಿದವರ ಬ್ಯಾಕ್ಟೀರಿಯಾ ಬಾಳಿಕೆ ಬಂದಿದೆ. ಹಾರ್ವರ್ಡ್‌ನ ಪಮೇಲಾ ಸಿಲ್ವರ್ ತಂಡ 2017ರಲ್ಲಿ ತೋರಿಸಿದ್ದು ನೋಡು: ಕರುಳಿನ ಉರಿಯೂತದಲ್ಲಿ ಹುಟ್ಟುವ ಟೆಟ್ರಾಥಯೋನೇಟ್ ಸಿಕ್ಕಾಗ ಮಾತ್ರ ಸ್ವಿಚ್ ತಿರುಗಿಸಿ, ಅದನ್ನು ನೆನಪಿಟ್ಟುಕೊಳ್ಳುವ ಬ್ಯಾಕ್ಟೀರಿಯಾ ಇಲಿಯ ಕರುಳಲ್ಲಿ ಆರು ತಿಂಗಳು ಕೆಲಸ ಮಾಡಿತು. ನನಗಂತೂ ಹೊಳೆಯುವ ಪ್ಲೇಟಿಗಿಂತ ಈ ಆರು ತಿಂಗಳೇ ದೊಡ್ಡದು.

ರೋಗಿಯ ಹೊಟ್ಟೆಗೆ ಹೋದಾಗ ಲೆಕ್ಕ ಇನ್ನೂ ಬಿಗಿ. ಫಿನೈಲ್‌ಕೀಟೋನ್ಯೂರಿಯ ಇರುವ ಮಗುವಿನ ದೇಹಕ್ಕೆ ಫಿನೈಲಲನೈನ್ ಒಡೆಯಲು ಬರುವುದಿಲ್ಲ. ಅದಿರುವ ಹಾಲು, ಬೇಳೆ ಎಲ್ಲವನ್ನೂ ಅಳೆದು ಕೊಡಬೇಕು, ಇಲ್ಲವಾದರೆ ಮಿದುಳಿಗೆ ಪೆಟ್ಟು. ಫಿನೈಲಲನೈನ್ ಅನ್ನು ಕರುಳಲ್ಲೇ ಒಡೆಯಲು ಇ. ಕೊಲೈ ನಿಸ್ಲ್ 1917 ಎಂಬ ಹಳೆಯ ಪ್ರೊಬಯಾಟಿಕ್ ತಳಿಯನ್ನು ಅಮೆರಿಕದಲ್ಲಿ ತಿದ್ದಿದರು. ಆಮ್ಲಜನಕ ಕಡಿಮೆಯಾದರೆ ಚಾಲೂ ಆಗುವ ಜೀನು. ಹೊರಗೆ ಹರಡಬಾರದೆಂದು, ಲ್ಯಾಬಿನವರು ಕೊಡುವ ಒಂದು ಪೋಷಕಾಂಶ ಇಲ್ಲದಿದ್ದರೆ ವಂಶವೇ ಬೆಳೆಯದಂಥ ಕಟ್ಟು. ಜಾಣತನಕ್ಕೆ ಏನೂ ಕಡಿಮೆ ಇರಲಿಲ್ಲ. ಎರಡನೇ ಹಂತದಲ್ಲಿ ರಕ್ತದ ಫಿನೈಲಲನೈನ್ ಇಳಿದಿತ್ತು ಕೂಡ. ಆದರೂ ಗುರಿ ಮುಟ್ಟುವ ಸಂಭವ ಕಡಿಮೆಯೆಂದು 2024ರ ಫೆಬ್ರವರಿಯಲ್ಲಿ ಮೂರನೇ ಹಂತದ ಪ್ರಯೋಗ ನಿಂತಿತು. ಕಾದಿದ್ದ ಮನೆಗಳಲ್ಲಿ ಊಟ ಅಳೆಯುವುದು ಮುಂದುವರಿಯಿತು.

ಇದನ್ನು ನಿನ್ನನ್ನು ಹೆದರಿಸಲು ಹೇಳುತ್ತಿಲ್ಲ. ಲ್ಯಾಬ್ ಮೀಟಿಂಗಿನಲ್ಲಿ ಇಲಿಗೆ ವಾಸಿಯಾಯಿತೆಂಬ ಸ್ಲೈಡ್ ಬಂದಾಗ ಹೊಸಬಳೆಂದು ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂರಬೇಡ ಅಷ್ಟೇ. ಸರ್ಕ್ಯೂಟ್ ಇಲ್ಲದ ಬರೀ ಬ್ಯಾಕ್ಟೀರಿಯಾ ಕೊಟ್ಟ ಇಲಿಗಳು ಏನಾದವು ಎಂದು ಕೇಳು.