ಎಚ್ಚರವೊಂದೇ ಸಾಲದು

ಪ್ರಶ್ನೆ: ದಂಡಿಗನಹಳ್ಳಿಯಿಂದ ಹಾಸನಕ್ಕೆ ದಿನವೂ ಬೈಕಿನಲ್ಲಿ ಕೆಲಸಕ್ಕೆ ಹೋಗುತ್ತೇನೆ. ಹುಷಾರಾಗಿ ಓಡಿಸಿದರೆ ಭಯವಿಲ್ಲ ಎಂಬುದು ನನ್ನ ನಂಬಿಕೆ. ಹೆಂಡತಿ ಬಸ್ಸಿಗೆ ಹೋಗಿ ಎನ್ನುತ್ತಾಳೆ. ಏನು ಮಾಡಲಿ?

ವೈದ್ಯರ ಉತ್ತರ: ಎಚ್ಚರಿಕೆ ಅಪಾಯವನ್ನು ತಗ್ಗಿಸುತ್ತದೆ, ಇಲ್ಲವಾಗಿಸುವುದಿಲ್ಲ. ಅಡ್ಡ ಬರುವ ಟ್ರ್ಯಾಕ್ಟರ್, ಎದುರಿಗೆ ನುಗ್ಗುವ ಲಾರಿ ನಿಮ್ಮ ಹತೋಟಿಯಲ್ಲಿಲ್ಲ. ಹಾಗಾಗಿ ಮಳೆ, ಕತ್ತಲು, ನಿದ್ದೆಗೆಟ್ಟ ದಿನಗಳಲ್ಲಿ ಬಸ್ಸನ್ನೇ ಹತ್ತಿ. ಉಳಿದಂತೆ ಐಎಸ್‌ಐ ಗುರುತಿನ, ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಧರಿಸಿ ಪಟ್ಟಿ ಬಿಗಿಯಿರಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬೈಕು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಹಾಗಾಗಿ ಆ ವೇಗದಲ್ಲಿ ಮುಂದಿನ ವಾಹನದಿಂದ ಕನಿಷ್ಠ 35 ಮೀಟರ್ ದೂರವಿರಿ. ಹೊಸ ಬೈಕ್ ಕೊಳ್ಳುವುದಾದರೆ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇರುವುದನ್ನೇ ಆರಿಸಿ. ರಾತ್ರಿ ಎದುರಿನ ದೀಪಕ್ಕೆ ಕಣ್ಣು ಕುಕ್ಕಿದರೆ ನೇತ್ರತಜ್ಞರನ್ನು ಕಾಣಿ. ಬಿದ್ದು ತಲೆಗೆ ಪೆಟ್ಟಾಗಿ ವಾಂತಿ, ಮಂಪರು ಬಂದರೆ ಕಾಯದೆ 108 ಆಂಬುಲೆನ್ಸ್‌ಗೆ ಕರೆ ಮಾಡಿಸಿ.