ಸೆನ್ಸರ್ ಎಲ್ಲಿದೆ, ಆಮೆ ಎಲ್ಲಿದೆ?

ಎರಡನೇ ಸೆಮ್ ಎಕ್ಸಾಮ್ ಮುಗಿದ ಮೇಲೆ ನಮ್ಮ ಕ್ಲಾಸಿನವರೆಲ್ಲ ಪೈಥಾನ್, ವೆಬ್ ಡೆವಲಪ್‌ಮೆಂಟ್ ಅಂತ ಇಂಟರ್ನ್‌ಶಿಪ್ ಹುಡುಕ್ತಿದ್ರು. ನಾನು ಬೆಂಗಳೂರಿನ ಹೊರವಲಯದ ಒಂದು ರಕ್ಷಣಾ ಕೇಂದ್ರದಲ್ಲಿ ನಾಲ್ಕು ವಾರ ಹಾವು, ಆಮೆ, ಕಪ್ಪೆಗಳ ಜೊತೆ ಕಳೆದೆ. "ಹಾವು ಹಿಡಿದ್ಯಾ?" ಅಂತ ಎಲ್ಲರೂ ಕೇಳ್ತಾರೆ. ಇಲ್ಲ. ಇಂಟರ್ನ್‌ಗಳಿಗೆ ವಿಷದ ಹಾವು ಮುಟ್ಟೋಕೆ ಬಿಡಲ್ಲ, ಬಿಡಲೂಬಾರದು. ನಾನು ಮಾಡಿದ್ದು ತೊಟ್ಟಿ ತೊಳೆಯೋದು, ಸೊಪ್ಪು ಹೆಚ್ಚೋದು, ಪ್ರಾಣಿಗಳ ತೂಕ ನೋಡಿ ರಿಜಿಸ್ಟರಿನಲ್ಲಿ ಬರೆಯೋದು. ಆದರೂ ಕಂಟ್ರೋಲ್ ಸಿಸ್ಟಮ್ಸ್ ಅಂದ್ರೇನು ಅಂತ ನನಗೆ ಮೊದಲು ಅರ್ಥವಾಗಿದ್ದು ಅಲ್ಲೇ. ಕಲಿತಿದ್ದನ್ನ ಪಾಠದ ಥರ ಬರೀತಿದ್ದೀನಿ.

1. ತಣ್ಣನೆ ರಕ್ತ ಅಂದ್ರೆ ತಣ್ಣಗಿರೋದಲ್ಲ

ನಮ್ಮ ದೇಹ ತನ್ನ ಬಿಸಿಯನ್ನ ತಾನೇ ತಯಾರಿಸುತ್ತೆ. ಹಾವು, ಆಮೆಗಳಿಗೆ ಆ ಬಿಸಿ ಹೊರಗಿನಿಂದ ಬರಬೇಕು. ಜೀರ್ಣಕ್ರಿಯೆ, ರೋಗದ ವಿರುದ್ಧ ಹೋರಾಡೋ ಶಕ್ತಿ ಎಲ್ಲವೂ ಉಷ್ಣಾಂಶದ ಮೇಲೆ ನಿಂತಿದೆ. ಹಾವು ಇಲಿ ನುಂಗಿ ಆಮೇಲೆ ತುಂಬಾ ಚಳಿಯಲ್ಲೇ ಉಳಿದರೆ ಅದು ಜೀರ್ಣವಾಗದೆ ಹೊಟ್ಟೆಯಲ್ಲೇ ಕೊಳೆಯಬಹುದು. ಅದಕ್ಕೇ ಪ್ರತಿ ಗೂಡಿನಲ್ಲೂ ಒಂದು ಕಡೆ ದೀಪದ ಬಿಸಿ, ಇನ್ನೊಂದು ಕಡೆ ತಂಪು ಇಟ್ಟಿರ್ತಾರೆ. ಎಲ್ಲಿರಬೇಕು ಅಂತ ಪ್ರಾಣಿಯೇ ತೀರ್ಮಾನ ಮಾಡುತ್ತೆ. ಅಂದ್ರೆ ಅದೇ ಇಲ್ಲಿ ಅಸಲಿ ಕಂಟ್ರೋಲರ್. ಅದಕ್ಕೆ ಆಯ್ಕೆ ಕೊಡೋದಷ್ಟೇ ನಮ್ಮ ಕೆಲಸ.

2. ನನ್ನ ತಪ್ಪು

ಅಲ್ಲಿ ಒಂದು ನಕ್ಷತ್ರ ಆಮೆ ಇತ್ತು. ಅದರ ದೀಪವನ್ನ ಕೈಯಲ್ಲೇ ಆನ್-ಆಫ್ ಮಾಡ್ತಿದ್ರು. "ನಾನು ಆಟೋಮ್ಯಾಟಿಕ್ ಮಾಡ್ಕೊಡ್ತೀನಿ" ಅಂತ ಜಂಬದಿಂದ ಹೇಳಿದೆ. ಆರ್ಡುಯಿನೊ, ರಿಲೇ, ಒಂದು ಸೆನ್ಸರ್. 32 ಡಿಗ್ರಿ ದಾಟಿದರೆ ದೀಪ ಆಫ್, 31ಕ್ಕಿಂತ ಇಳಿದರೆ ಆನ್. ಕೋಡ್ ಸರಿಯಾಗೇ ಇತ್ತು. ಆದರೆ ವೈರ್ ಗಿಡ್ಡ ಆಯ್ತು ಅಂತ ಸೆನ್ಸರನ್ನ ತಂಪು ಕಡೆಯ ಗೋಡೆಗೆ ಅಂಟಿಸಿಬಿಟ್ಟೆ.

ಏನಾಗುತ್ತೆ ಯೋಚಿಸಿ. ತಂಪು ಕಡೆ 32 ಮುಟ್ಟೋದೇ ಇಲ್ಲ, ಹಾಗಾಗಿ ದೀಪ ಆರೋದೇ ಇಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ 28, 29 ಅಂತ ಚೆಂದದ ಗ್ರಾಫ್ ಬರ್ತಿತ್ತು. ಮಧ್ಯಾಹ್ನ ಅಲ್ಲಿ ಪ್ರಾಣಿ ನೋಡ್ಕೊಳ್ಳೋ ಅಣ್ಣ ಬಂದು ದೀಪದ ಕೆಳಗೆ ಅಂಗೈ ಹಿಡಿದು, "ಇಲ್ಲಿ ಕೈ ಇಡೋಕಾಗ್ತಿಲ್ಲ, ನೀನ್ ಏನ್ ನೋಡ್ತಿದೀಯ?" ಅಂದ್ರು. ಅಳೆದು ನೋಡಿದರೆ 47 ಡಿಗ್ರಿ. ಆಮೆ ಮೂಲೆಗೆ ಒತ್ತರಿಸಿಕೊಂಡು ಕೂತಿತ್ತು, ಬಾಯಲ್ಲಿ ನೊರೆ. ಅದು ಮೈ ಅತಿಯಾಗಿ ಬಿಸಿಯಾದ ಲಕ್ಷಣ. ತಕ್ಷಣ ಹೊರಗೆ ತೆಗೆದು, ಉಗುರುಬೆಚ್ಚಗಿನ ನೀರು ಸ್ವಲ್ಪವೇ ಹಾಕಿದ ಟ್ರೇಯಲ್ಲಿಟ್ಟು ಡಾಕ್ಟರನ್ನ ಕರೆದರು. ಆಮೆ ಬದುಕಿತು. ಆದರೆ ಎರಡು ದಿನ ಏನೂ ತಿನ್ನಲಿಲ್ಲ. ಆ ಎರಡು ದಿನ ನನಗೂ ಊಟ ಸೇರಲಿಲ್ಲ.

ಯಾರೂ ಬೈಯಲಿಲ್ಲ. "ಸರಿ ಮಾಡು" ಅಂದ್ರು ಅಷ್ಟೇ. ನಾನು ಮಾಡಿದ ಬದಲಾವಣೆಗಳು ಇವು; ನಿಮ್ಮ ಪ್ರಾಜೆಕ್ಟಿಗೂ ಬೇಕಾಗಬಹುದು:

ಒಂದು, ಸೆನ್ಸರನ್ನ ದೀಪದ ಕೆಳಗೆ, ಆಮೆಯ ಬೆನ್ನಿನ ಎತ್ತರದಲ್ಲೇ ಕಟ್ಟಿದೆ. ನಮಗೆ ಸುಲಭ ಆಗೋ ಜಾಗದಲ್ಲಲ್ಲ, ಪ್ರಾಣಿ ಇರೋ ಜಾಗದಲ್ಲಿ ಅಳೀಬೇಕು.

ಎರಡು, ಈ ಸಲ ವಾಟರ್‌ಪ್ರೂಫ್ ಡಿಎಸ್18ಬಿ20 ಬಳಸಿದೆ. ಅದರ ವೈರ್ ಕಿತ್ತುಹೋದರೆ ಲೈಬ್ರರಿ -127 ಅಂತ ಕೊಡುತ್ತೆ. ಹಳೇ ಕೋಡ್ ಅದನ್ನ ನೋಡಿ "ಅಯ್ಯೋ, ಎಷ್ಟು ಚಳಿ" ಅಂತ ದೀಪ ಹಚ್ಚೇಬಿಡುತ್ತೆ! ಹಾಗಾಗಿ ನಂಬಲಾಗದ ರೀಡಿಂಗ್ ಬಂದ್ರೆ ದೀಪ ಆಫ್, ಬಜರ್ ಆನ್ ಅಂತ ಬರೆದೆ.

ಮೂರು, ರಿಲೇಯ ಕಾಂಟ್ಯಾಕ್ಟ್‌ಗಳು ಬಿಸಿಗೆ ಬೆಸೆದುಕೊಂಡ್ರೆ ಕೋಡ್ ಆಫ್ ಅಂದ್ರೂ ಕರೆಂಟ್ ಹರೀತಾನೇ ಇರುತ್ತೆ. ಅದಕ್ಕೆ ಸೀರೀಸ್‌ನಲ್ಲಿ ಒಂದು ಮೆಕ್ಯಾನಿಕಲ್ ಥರ್ಮೋಸ್ಟಾಟ್ ಹಾಕಿದ್ವಿ. ಅದಕ್ಕೆ ನನ್ನ ಕೋಡ್ ಬೇಕಾಗಿಲ್ಲ.

ನಾಲ್ಕು, ದಿನಕ್ಕೆ ಎರಡು ಸಲ ಅಣ್ಣನ ಅಂಗೈ. ಅದನ್ನ ಮಾತ್ರ ತೆಗೆಯಲಿಲ್ಲ.

3. ಉರಿಯೋ ದೀಪವೆಲ್ಲ ಬಿಸಿಲಲ್ಲ

ಈ ಆಮೆಯನ್ನ ಯಾರೋ "ಅದೃಷ್ಟ ತರುತ್ತೆ" ಅಂತ ಫ್ಲಾಟಿನಲ್ಲಿ ಸಾಕಿದ್ರಂತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ. ಬಂದಾಗ ಅದರ ಚಿಪ್ಪು ಮೆತ್ತಗಿತ್ತಂತೆ. ಕಾರಣ ಕ್ಯಾಲ್ಸಿಯಂ ಕೊರತೆ ಒಂದೇ ಅಲ್ಲ. ಕ್ಯಾಲ್ಸಿಯಂ ಹೀರಿಕೊಳ್ಳೋಕೆ ವಿಟಮಿನ್ ಡಿ3 ಬೇಕು, ಅದು ಚರ್ಮದಲ್ಲಿ ತಯಾರಾಗೋಕೆ ಬಿಸಿಲಿನ ಯುವಿ-ಬಿ ಬೇಕು. ಕಿಟಕಿಯ ಗಾಜು ಬೆಳಕನ್ನ ಬಿಡುತ್ತೆ, ಯುವಿ-ಬಿಯನ್ನ ಬಹುಪಾಲು ತಡೆಯುತ್ತೆ. ಯುವಿ-ಬಿ ದೀಪ ಕೂಡ ಹಳೆಯದಾದಂತೆ ಕಣ್ಣಿಗೆ ಚೆನ್ನಾಗೇ ಉರೀತಿರುತ್ತೆ, ಆದರೆ ಯುವಿ-ಬಿ ಕಡಿಮೆ ಆಗಿರುತ್ತೆ. ನೋಡಿ ಹೇಳೋಕಾಗಲ್ಲ, ಮೀಟರಿನಲ್ಲೇ ಅಳೀಬೇಕು.

4. ಕಪ್ಪೆಗೆ ಚರ್ಮವೇ ಮೂಗು

ಕಪ್ಪೆ ಚರ್ಮದ ಮೂಲಕವೂ ಉಸಿರಾಡುತ್ತೆ, ನೀರನ್ನೂ ಹೀರುತ್ತೆ. ನಮ್ಮ ಕೈಯಲ್ಲಿರೋ ಸ್ಯಾನಿಟೈಸರ್, ಸೋಪು ಅದರ ಒಳಗೇ ಹೋಗಬಹುದು. ಮುಟ್ಟಲೇಬೇಕಾದರೆ ಕೈಯನ್ನ ಬರೀ ನೀರಲ್ಲಿ ಚೆನ್ನಾಗಿ ತೊಳೆದು, ಒದ್ದೆ ಕೈಯಲ್ಲೇ ಮುಟ್ಟಬೇಕು. ನಲ್ಲಿ ನೀರನ್ನ ಕ್ಲೋರಿನ್ ತೆಗೆದೇ ಹಾಕ್ಬೇಕು. ಎಲ್ಲ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೀರಿ, ಯಾಕಂದ್ರೆ ಈ ಪ್ರಾಣಿಗಳಿಂದ ನಮಗೆ ಸಾಲ್ಮೊನೆಲ್ಲಾ ಬರಬಹುದು.

5. ಹಾಸ್ಟೆಲ್ಲಿಗೆ ಹಾವು ಬಂದರೆ

ನಾನಿದ್ದಾಗ ಒಂದು ಕೇರೆ ಹಾವು ಬಂತು. ಇಲಿಗೆ ಇಟ್ಟ ಅಂಟಿನ ಹಲಗೆಗೆ ಸಿಕ್ಕಿಹಾಕಿಕೊಂಡಿತ್ತು. ಇಲಿ ಹಿಡಿಯೋ ಹಾವೇ ಇಲಿಯ ಬಲೆಗೆ ಬಿತ್ತು. ಅಡುಗೆ ಎಣ್ಣೆ ಸವರುತ್ತಾ ಇಂಚಿಂಚಾಗಿ ಬಿಡಿಸಿದ್ರು. ಎಳೆದಿದ್ರೆ ಚರ್ಮ ಕಿತ್ತು ಬರ್ತಿತ್ತು. ನಮ್ಮ ಮೆಸ್ಸಿನಲ್ಲೂ ಇಂಥ ಹಲಗೆ ಇದೆ; ದಯವಿಟ್ಟು ತೆಗೆಸೋಣ.

ಹಾವು ಕಂಡರೆ ದೂರ ನಿಂತು, ಅದು ಎಲ್ಲಿ ಹೋಗುತ್ತೆ ಅಂತ ಕಣ್ಣಿಟ್ಟು, ಅರಣ್ಯ ಇಲಾಖೆಗೆ ಅಥವಾ ತರಬೇತಿ ಇರೋ ರಕ್ಷಕರಿಗೆ ಫೋನ್ ಮಾಡಿ. ಫೋಟೋಗೆ ಹತ್ತಿರ ಹೋಗ್ಬೇಡಿ. ಕಚ್ಚಿದರೆ ಕೊಯ್ಯೋದು, ಚೀಪೋದು, ಬಿಗಿಯಾಗಿ ಕಟ್ಟೋದು ಯಾವುದೂ ಬೇಡ. ಉಂಗುರ, ವಾಚ್ ತೆಗೆದು, ಕೈಕಾಲು ಅಲ್ಲಾಡಿಸದೆ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ. ನಮ್ಮ ದೇಶದಲ್ಲಿ ಸಿಗೋ ಆಂಟಿವೆನಮ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಒಂದೇ. ಅದಕ್ಕೇ ಕಚ್ಚಿದ ಹಾವನ್ನ ಹುಡುಕಿ ಹಿಡಿಯೋಕೆ ಹೋಗಿ ಸಮಯ ಕಳೀಬೇಡಿ.

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಕೇರೆ, ಕಟ್ಟುಹಾವು ಅನ್ನೋ ಹೆಸರುಗಳೇ ಗೊತ್ತಿರ್ಲಿಲ್ಲ. ಅಣ್ಣ ದಿನಕ್ಕೊಂದು ಹೇಳಿಕೊಟ್ರು. ಕೊನೆಯ ದಿನ ರಿಜಿಸ್ಟರಿನಲ್ಲಿ ಆಮೆಯ ತೂಕ ಕನ್ನಡದಲ್ಲೇ ಬರೆದೆ. ಬಂದ ದಿನಕ್ಕಿಂತ 40 ಗ್ರಾಂ ಜಾಸ್ತಿ ಆಗಿತ್ತು. ನನ್ನ ಸರ್ಟಿಫಿಕೇಟಿಗಿಂತ ನನಗೆ ಆ ಸಾಲೇ ಇಷ್ಟ.